ಟವರ್ ಫೋಟೋ ತೆಗೆಯುವ ಹುಚ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಟವರ್, ಟೆಲಿಫೋನ್ ಕಂಬ, ರಸ್ತೆ ಬದಿಯ ತುಕ್ಕು ಹಿಡಿದ ಡಬ್ಬಿ, ಇವುಗಳ ಫೋಟೋ ತೆಗೆಯುತ್ತಾ ಹತ್ತು ವರ್ಷವಾಯಿತು. ಹೊಟ್ಟೆಪಾಡಿನ ಕೆಲಸ ಬೇರೆ, ಇದು ಭಾನುವಾರದ ಹುಚ್ಚು. ಕೇಳಿದ್ದನ್ನೇ ಎಲ್ಲರೂ ಕೇಳುತ್ತಾರೆ, ಹೇಳಿದ್ದನ್ನೇ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅಲ್ಲಾ, ಟವರ್ ಫೋಟೋನಾ? ಬೇರೆ ಏನೂ ಸಿಗಲಿಲ್ವಾ?

ನಾನೂ ಮೊದಲು ಎಲ್ಲರ ಹಾಗೆ ಜಲಪಾತ, ಸೂರ್ಯಾಸ್ತ, ಹಳೇ ಗುಡಿ ಅಂತ ತಿರುಗುತ್ತಿದ್ದವನೇ. ಒಂದು ಸಲ ತೀರ್ಥಹಳ್ಳಿ ಕಡೆ ಒಂದು ಹೆಂಚಿನ ಮಾಡಿನ ದೇವಸ್ಥಾನದ ಮುಂದೆ ಮುಕ್ಕಾಲು ಗಂಟೆ ಒದ್ದಾಡಿದೆ. ಎಲ್ಲಿ ನಿಂತರೂ ಹಿಂದೆ ಟವರ್ ಬರುತ್ತಿತ್ತು. ಎಡಕ್ಕೆ ಹೋದೆ, ಬಲಕ್ಕೆ ಬಂದೆ, ಕುಕ್ಕರಗಾಲಲ್ಲಿ ಕೂತೆ, ಅಡಿಕೆ ಸೋಗೆಯ ಮರೆಗೆ ಅದನ್ನು ಸೇರಿಸಲು ನೋಡಿದೆ. ಇದನ್ನೆಲ್ಲ ಜಗಲಿ ಮೇಲೆ ಕೂತು ನೋಡುತ್ತಿದ್ದ ಭಟ್ಟರು ಕೊನೆಗೆ ಕೇಳಿದರು: "ಅದನ್ನ ಎಂತಕ್ಕೆ ಬಿಡ್ತೀರಿ ಮಾರಾಯ್ರೆ? ಅದು ಬರ್ಲಿ ಅಂತ ನಾವು ಆರು ವರ್ಷ ಅರ್ಜಿ ಕೊಟ್ಟಿದ್ದೀವಿ."

ನನಗೆ ನಾಚಿಕೆಯಾಯಿತು. ಊರಿಗೆ ಬೇಕಾದದ್ದು ನನ್ನ ಫೋಟೋಗೆ ಬೇಡವಾಗಿತ್ತು. ಅವತ್ತು ಟವರ್ ಸಮೇತ ತೆಗೆದೆ. ಆಮೇಲೆ ಅದನ್ನು ಮರೆಮಾಡಲು ಎಲ್ಲೂ ಸರಿದು ನಿಂತಿಲ್ಲ.

ಬರೀ ಮೊಬೈಲ್ ಟವರಾ, ಬೇರೆ ಏನಾದರೂ ಲೆಕ್ಕಕ್ಕೆ ಬರುತ್ತಾ?

ಮಾತು ಅಥವಾ ಸಂದೇಶ ಸಾಗಿಸುವ ಯಾವುದೂ ಆದೀತು. ಮನೆಗಳ ಮೇಲಿನ ಕುಳ್ಳ ಕಂಬಗಳು, ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡಗಳು, ಟೆಲಿಫೋನ್ ತಂತಿಗಳು ಕೂಡುವ ರಸ್ತೆ ಮೂಲೆಯ ಪಿಲ್ಲರ್ ಬಾಕ್ಸ್, ಅಲ್ಲಿಂದ ಮನೆಗಳಿಗೆ ತಂತಿ ಹಂಚುವ ಕಂಬದ ಮೇಲಿನ ಡಿಪಿ ಬಾಕ್ಸ್, ಮರಕ್ಕೆ ಸುತ್ತಿ ನೇತುಹಾಕಿದ ಫೈಬರ್ ಕೇಬಲ್ಲಿನ ಸಿಂಬಿ, "ಕೆಳಗೆ ಕೇಬಲ್ ಇದೆ, ಅಗೆಯಬೇಡಿ" ಅಂತ ಹೆದ್ದಾರಿ ಪಕ್ಕ ನೆಟ್ಟಿರುವ ಗಿಡ್ಡ ಕಲ್ಲು. ಹಳದಿ ಬಣ್ಣದ ಎಸ್‌ಟಿಡಿ ಬೋರ್ಡು ಇನ್ನೂ ಗೋಡೆ ಮೇಲೆ ಉಳಿದಿದ್ದರೆ ಅದನ್ನು ಬಿಡಲೇಬೇಡಿ. ಎಸ್‌ಟಿಡಿ ಮಾಡಲು ಈಗ ಯಾರೂ ಅಲ್ಲಿಗೆ ಬರುವುದಿಲ್ಲ, ಆದರೆ ಆ ಬೋರ್ಡಿನ ಕೆಳಗೇ ಈಗ ರೀಚಾರ್ಜ್ ಅಂಗಡಿ ಇರುತ್ತದೆ, ಅದರ ಪಕ್ಕದಲ್ಲಿ ಬಾಳೆಗೊನೆ. ಟೆಲಿಗ್ರಾಂ ನಿಂತದ್ದು 2013ರ ಜುಲೈನಲ್ಲಿ. "ತಂತಿ ಕಚೇರಿ" ಅನ್ನುವ ಅಕ್ಷರ ಎಲ್ಲಾದರೂ ಮಾಸಿಕೊಂಡು ಕೂತಿದ್ದರೆ ಮುಂದಿನ ಸುಣ್ಣಬಣ್ಣಕ್ಕೆ ಅದೂ ಹೋಗುತ್ತದೆ.

ರೇಡಿಯೋ ಮಾಸ್ಟ್‌ಗಳೂ ಸೇರುತ್ತವೆ. ಆಕಾಶವಾಣಿಯ ಮೀಡಿಯಂ ವೇವ್ ಮಾಸ್ಟ್ ದೂರದಿಂದ ಟವರ್ ಥರವೇ ಕಾಣುತ್ತದೆ. ಆದರೆ ಅಲ್ಲಿ ಕಂಬವೇ ಆಂಟೆನಾ. ಅದು ಪಿಂಗಾಣಿ ಇನ್ಸುಲೇಟರ್ ಮೇಲೆ ನಿಂತಿರುತ್ತದೆ, ಸುತ್ತಲಿಂದ ತಂತಿ ಹಗ್ಗಗಳು ಎಳೆದು ಹಿಡಿದಿರುತ್ತವೆ. "ಆಕಾಶವಾಣಿ" ಅನ್ನುವ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯ ಸಣ್ಣ ರೇಡಿಯೋ ಕೇಂದ್ರದ ಜೊತೆ ಶುರುವಾದದ್ದು. ಹಾಗಾಗಿ ನಮ್ಮವರಿಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಹಕ್ಕಿದೆ ಅಂದುಕೊಳ್ಳುತ್ತೇನೆ.

ಟವರ್ ಮೇಲಿರೋ ಡೋಲು, ಹಲಗೆ, ಡಬ್ಬಿ ಇವೆಲ್ಲ ಏನು?

ಗೊತ್ತಿದ್ದರೆ ಫೋಟೋ ಬೇರೆಯದೇ ಬರುತ್ತದೆ, ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಉದ್ದುದ್ದ ಹಲಗೆಯ ಹಾಗಿರುವುದು ಸೆಕ್ಟರ್ ಆಂಟೆನಾ, ನಿಮ್ಮ ಫೋನಿನ ಜೊತೆ ಮಾತಾಡುವುದು ಅದೇ. ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು, ಒಂದೊಂದಕ್ಕೂ 120 ಡಿಗ್ರಿ. ಸರಿಯಾಗಿ ನೋಡಿದರೆ ಸ್ವಲ್ಪ ತಲೆ ತಗ್ಗಿಸಿ ನೆಲ ನೋಡುತ್ತಿರುತ್ತವೆ, ಯಾಕೆಂದರೆ ಗಿರಾಕಿಗಳು ಇರುವುದು ಕೆಳಗೆ. ಅದರ ಹಿಂದೆ ಕಟ್ಟಿರುವ, ಅದಕ್ಕೆ ಸಿಗ್ನಲ್ ಕೊಟ್ಟು ತೆಗೆದುಕೊಳ್ಳುವ ರೇಡಿಯೋ ಡಬ್ಬಿ ಆರ್‌ಆರ್‌ಯು. ದುಂಡಗೆ ಡೋಲಿನ ಹಾಗಿರುವುದು ಮೈಕ್ರೋವೇವ್ ಡಿಶ್, ಅದು ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ, ಇನ್ನೊಂದು ಟವರಿನ ಜೊತೆ ಮಾತಾಡುತ್ತದೆ. 2022ರ ಅಕ್ಟೋಬರ್ 1ರಂದು 5ಜಿ ಶುರುವಾದ ಮೇಲೆ ಬಂದ ಆಂಟೆನಾಗಳು ಗಿಡ್ಡ, ಅಗಲ, ದಪ್ಪ. ಹಳೆಯ ಫೋಟೋ ಯಾವ ಕಾಲದ್ದು ಅಂತ ಈ ಹಲಗೆಗಳನ್ನು ನೋಡಿಯೇ ಹೇಳಬಹುದು.

ನನಗೆ ತುಂಬಾ ಇಷ್ಟವಾದ ಆಟ ಡೋಲಿನದು. ಒಂದು ಡೋಲು ನೋಡುತ್ತಿರುವ ದಿಕ್ಕಿಗೆ ನೇರ ಗೆರೆ ಎಳೆದುಕೊಂಡು ಹೋದರೆ ಇನ್ನೊಂದು ಟವರ್ ಸಿಗಲೇಬೇಕು, ಮತ್ತು ಅಲ್ಲಿ ಒಂದು ಡೋಲು ಇತ್ತ ಮುಖ ಮಾಡಿರಬೇಕು. ಒಂದು ಶನಿವಾರ ಸಾಗರದ ಹತ್ತಿರ ಶುರು ಮಾಡಿ, ಬೈಕಿನಲ್ಲಿ ಹೀಗೇ ಒಂದರಿಂದ ಒಂದಕ್ಕೆ ಹೋಗುತ್ತಾ ಸಂಜೆ ಹೊತ್ತಿಗೆ ಎಲ್ಲೋ ಇದ್ದೆ, ಊಟ ಮರೆತಿದ್ದೆ. ಈಗ ಫೈಬರ್ ಎಳೆದ ಕಡೆಯೆಲ್ಲ ಡೋಲುಗಳನ್ನು ಇಳಿಸುತ್ತಿದ್ದಾರೆ. ಆಟ ಆಡುವವರು ಬೇಗ ಆಡಿ.

ಕೆಲವು ಕೆಂಪು-ಬಿಳಿ, ಕೆಲವು ಬರೀ ಬೂದು. ಯಾಕೆ?

ಬೂದು ಅಂದರೆ ಬರೀ ಸತು ಲೇಪಿಸಿದ ಕಬ್ಬಿಣ. ಕೆಂಪು-ಬಿಳಿ ಪಟ್ಟಿ ಹಗಲು ಹೊತ್ತು ವಿಮಾನದವರಿಗೆ ಕಾಣಲಿ ಅಂತ, ತುದಿಯ ಕೆಂಪು ದೀಪ ರಾತ್ರಿಗೆ. ನಿಯಮದ ಪ್ರಕಾರ ಬುಡ ಮತ್ತು ತುದಿ ಎರಡೂ ಗಾಢ ಬಣ್ಣವೇ ಇರಬೇಕು, ಹಾಗಾಗಿ ಪಟ್ಟಿಗಳ ಲೆಕ್ಕ ಬೆಸ ಬರಬೇಕು. ಎಣಿಸಿ ನೋಡಿ. ಬರದಿದ್ದರೆ ಪೇಂಟರ್ ಲೆಕ್ಕ ತಪ್ಪಿದ್ದಾನೆ ಅಂತ ಅರ್ಥ, ಅಂಥದ್ದು ನನ್ನ ಹತ್ತಿರ ಎರಡಿದೆ.

ಎತ್ತರ ಹೇಗೆ ಗೊತ್ತಾಗುತ್ತೆ?

ನೆಲದ ಮೇಲಿನವು ಸಾಮಾನ್ಯವಾಗಿ 30ರಿಂದ 60 ಮೀಟರ್ ಒಳಗೆ. ಸರಿಯಾಗಿ ಬೇಕಿದ್ದರೆ ಶಾಲೆಯಲ್ಲಿ ಕಲಿತ ನೆರಳಿನ ಲೆಕ್ಕ ಹಾಕಿ. ಕೊಡೆಯನ್ನು ನೆಟ್ಟಗೆ ಹಿಡಿದು ಅದರ ನೆರಳು ಅಳೆಯಿರಿ, ಟವರಿನ ನೆರಳನ್ನು ಹೆಜ್ಜೆಯಲ್ಲಿ ಅಳೆಯಿರಿ, ಎರಡನ್ನೂ ಒಂದೇ ಅಳತೆಗೆ ತಂದು ಟವರಿನ ನೆರಳನ್ನು ಕೊಡೆಯ ನೆರಳಿನಿಂದ ಭಾಗಿಸಿ, ಬಂದದ್ದನ್ನು ಕೊಡೆಯ ಉದ್ದಕ್ಕೆ ಗುಣಿಸಿ. ನೆರಳು ಯಾರದಾದರೂ ಗದ್ದೆಯಲ್ಲಿ ಬಿದ್ದಿದ್ದರೆ ಮೊದಲು ಕೇಳಿ.

ಊರ ಮಧ್ಯದ ಆ ದೊಡ್ಡ, ದಪ್ಪ ಟವರ್ ಯಾಕೆ ಹಾಗಿದೆ?

ಹಳೇ ಟೆಲಿಫೋನ್ ಇಲಾಖೆಯದು. ಎಷ್ಟೋ ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರಗಳಲ್ಲಿ ಎಕ್ಸ್‌ಚೇಂಜ್ ಪಕ್ಕದಲ್ಲಿ ಇಂಥದ್ದೊಂದು ಇದೆ. ಮೊಬೈಲ್ ಬರುವ ಮೊದಲು ಊರಿಂದೂರಿಗೆ ಟ್ರಂಕ್ ಕರೆಗಳು ಹೋಗುತ್ತಿದ್ದದ್ದು ಇವುಗಳ ಮೇಲಿನ ದೊಡ್ಡ ಡಿಶ್‌ಗಳ ಮೂಲಕ, ಸುಮಾರು 40-50 ಕಿಲೋಮೀಟರಿಗೆ ಒಂದು ಟವರ್. ಆ ಭಾರ ಹೊರಲು, ಗಾಳಿಗೆ ಅಲುಗದಿರಲು ಕಾಲು ಅಗಲ ಮಾಡಿ ನಿಲ್ಲಿಸಿದ್ದಾರೆ. ಈಗ ಡಿಶ್‌ಗಳು ಹೆಚ್ಚಾಗಿ ಇಳಿದಿವೆ, ಅವು ನಿಂತಿದ್ದ ಖಾಲಿ ಅಟ್ಟಣಿಗೆಗಳು ಉಳಿದಿವೆ, ಒಂದು ಮೂಲೆಯಲ್ಲಿ ನಾಲ್ಕೈದು ಮೊಬೈಲ್ ಹಲಗೆ. ದೊಡ್ಡ ಮನೆಯಲ್ಲಿ ಒಂದೇ ಕೋಣೆಗೆ ದೀಪ ಹಾಕಿದ ಹಾಗೆ.

ಎಕ್ಸ್‌ಚೇಂಜ್ ಕಟ್ಟಡಗಳನ್ನೂ ತೆಗೆಯಿರಿ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಇಲ್ಲದೆ, ಹಳ್ಳಿಯ ಧೂಳು-ಸೆಕೆಯಲ್ಲೇ ನಡೆಯಲಿ ಅಂತಲೇ ಅದನ್ನು ಮಾಡಿದ್ದು. ರಾಣಿ ಚೆನ್ನಮ್ಮನ ಕೋಟೆ ನೋಡಲು ಹೋದವರು ಯಾರೂ ಇದನ್ನು ಕೇಳುವುದಿಲ್ಲ. ಬೆಂಗಳೂರಿನವರಿಗೆ ದೂರವಾಣಿನಗರ ಇದೆ. 1948ರಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಬಂದು ಆ ಬಡಾವಣೆಗೆ ಫೋನಿನದೇ ಹೆಸರು ಬಂತು. ದೇಶದ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಟ್ರಿಣ್ ಅಂದ ಫೋನುಗಳು ಇಲ್ಲಿಂದ ಹೋದವು.

ಯಾವ ಕ್ಯಾಮೆರಾ ಬೇಕು? ಫೋನ್ ಸಾಕಾ?

ಸಾಕು. ನನ್ನ ಒಳ್ಳೆಯ ಹತ್ತು ಫೋಟೋಗಳಲ್ಲಿ ನಾಲ್ಕು ಫೋನಿನವು. ಒಂದೇ ತೊಂದರೆ, ಟವರ್ ಬುಡದಲ್ಲಿ ನಿಂತು ತಲೆ ಎತ್ತಿ ಹೊಡೆಯುತ್ತೀರಿ, ಅದು ಹಿಂದಕ್ಕೆ ವಾಲಿ ಬೀಳುವ ಹಾಗೆ ಬರುತ್ತದೆ. ಹಿಂದೆ ಹೋಗಿ. ಇನ್ನೂ ಹಿಂದೆ ಹೋಗಿ. 200 ಮೀಟರ್ ದೂರದಿಂದ, ಕ್ಯಾಮೆರಾ ನೆಟ್ಟಗೆ ಹಿಡಿದು, ಜೂಮ್ ಲೆನ್ಸ್ ಅಥವಾ ಫೋನಿನ 2ಎಕ್ಸ್‌ನಲ್ಲಿ ತೆಗೆಯಿರಿ. ಟವರ್ ಮಟ್ಟಸವಾಗಿ ನಿಲ್ಲುತ್ತದೆ, ಅದರ ಸುತ್ತಲಿನ ಊರೂ ಫೋಟೋದೊಳಗೆ ಬರುತ್ತದೆ. ಇನ್ನೊಂದು, ಆಂಗಲ್ ಪಟ್ಟಿಗಳ ಹೆಣಿಗೆ ಒತ್ತೊತ್ತಾಗಿರುವುದರಿಂದ ಫೋಟೋ ಚಿಕ್ಕದು ಮಾಡಿದಾಗ ಕೆಲವು ಸಲ ಅಲೆ ಅಲೆಯಾಗಿ ಗೆರೆ ಕಾಣುತ್ತವೆ. ಕ್ಯಾಮೆರಾ ಕೆಟ್ಟಿಲ್ಲ, ಗಾಬರಿ ಬೇಡ. ಬೇರೆ ಅಳತೆಗೆ ಇಳಿಸಿ ನೋಡಿ.

ಯಾವ ಹೊತ್ತು ಒಳ್ಳೆಯದು?

ಎಲ್ಲರೂ ಸೂರ್ಯಾಸ್ತ ಅನ್ನುತ್ತಾರೆ. ಟವರಿನ ಕಪ್ಪು ನೆರಳು, ಕಿತ್ತಳೆ ಆಕಾಶ, ಒಂದು ಹಕ್ಕಿ. ಒಂದು ತೆಗೆದು ಆಸೆ ತೀರಿಸಿಕೊಳ್ಳಿ, ಆಮೇಲೆ ಸಾಕು. ಸೂರ್ಯ ಮುಳುಗಿ ಹದಿನೈದು-ಇಪ್ಪತ್ತು ನಿಮಿಷದ ಮೇಲೆ ನೋಡಿ. ಆಕಾಶ ಇನ್ನೂ ನೀಲಿ, ಟವರ್ ತುದಿಯ ಕೆಂಪು ದೀಪ ಹತ್ತಿಕೊಂಡಿರುತ್ತದೆ, ಕೆಳಗೆ ಮನೆಗಳಲ್ಲಿ ಬಲ್ಬು. ಅದು ಒಳ್ಳೆ ಹೊತ್ತು.

ಆದರೆ ನನ್ನ ಮಟ್ಟಿಗೆ ಮೋಡ ಮುಚ್ಚಿದ ದಿನವೇ ದೊಡ್ಡದು. ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ಅಂತ ಜರ್ಮನಿಯ ಗಂಡ ಹೆಂಡತಿ ಇದ್ದರು, ನೀರಿನ ಟ್ಯಾಂಕ್, ಕುಲುಮೆ, ಗಣಿಯ ಗೋಪುರ ಅಂತ ದಶಕಗಟ್ಟಲೆ ಅದನ್ನೇ ತೆಗೆದರು. ಅವರು ಬಿಸಿಲು ಬಿದ್ದರೆ ಕಾಯುತ್ತಿದ್ದರು, ನೆರಳಿಲ್ಲದ ಬಿಳಿ ಆಕಾಶ ಬೇಕು ಅಂತ. ನಮಗೆ ಆ ಆಕಾಶ ಜೂನ್‌ನಿಂದ ಪುಕ್ಕಟೆ ಸಿಗುತ್ತದೆ. ಆಷಾಢದ ಕಪ್ಪು ಮೋಡದ ಮುಂದೆ, ಮಳೆ ತೊಳೆದ ಕೆಂಪು-ಬಿಳಿ ಟವರ್, ಕೆಳಗೆ ಆಗಷ್ಟೇ ನಾಟಿಯಾದ ಗದ್ದೆ. ಗುಡುಗು ಶುರುವಾದರೆ ಮಾತ್ರ ಬಯಲಲ್ಲಿ ನಿಲ್ಲಬೇಡಿ.

ಟವರ್ ಮಾತ್ರ ತೆಗೀಬೇಕಾ, ಸುತ್ತಮುತ್ತ ಸೇರಿಸಬೇಕಾ?

ಬರೀ ಟವರ್ ಆದರೆ ಅದು ಕಂಪನಿಯ ಕ್ಯಾಟಲಾಗ್. ಪಕ್ಕದಲ್ಲಿ ಏನಿದೆ ಅನ್ನುವುದೇ ವಿಷಯ.

ನಾನು ತೆಗೆದ ಒಂದನ್ನು ಹೇಳುತ್ತೇನೆ. ಬೆಂಗಳೂರಿನ ಒಂದು ಹಳೇ ಬಡಾವಣೆ, ಏಪ್ರಿಲ್, ಮೂರನೇ ಮಹಡಿಯ ತಾರಸಿ. ಅರ್ಧ ತಾರಸಿಯನ್ನು ಟವರಿನವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅಲ್ಲಿ ಆರು ಕಂಬ, ಕಪ್ಪು ಕೇಬಲ್ಲುಗಳ ಕಟ್ಟು, ಗುಂಯ್ ಅನ್ನುವ ಡಬ್ಬಿ. ಇನ್ನರ್ಧದಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಾರೆ. ಪಂಚೆ ಹಾರದಂತೆ ಮೂರು ಮೂಲೆಗೆ ಕಲ್ಲು, ನಾಲ್ಕನೆಯದನ್ನು ಟವರಿನ ಕಂಬಕ್ಕೇ ಗಂಟು ಹಾಕಿದ್ದಾರೆ. ಕಾಗೆ ಬರಬಾರದು ಅಂತ ಕಪ್ಪು ಕೊಡೆ ಬಿಚ್ಚಿಟ್ಟಿದ್ದಾರೆ, ಕಾಗೆ ಮಾತ್ರ ಆಂಟೆನಾ ಮೇಲೆ ಕೂತು ಕಾಯುತ್ತಿದೆ. ಹಲಗೆಯ ನೆರಳು ಸಂಡಿಗೆ ಸಾಲಿನ ಮೇಲೆ ಅಡ್ಡ ಬಿದ್ದಿತ್ತು. ಮನೆಯ ಅಜ್ಜಿ ನೆರಳು ಸರಿದ ಹಾಗೆ ಪಂಚೆಯನ್ನೂ ಸರಿಸುತ್ತಿದ್ದರು. "ಇದೊಂದು ಬಂದು ನನ್ನ ಬಿಸಿಲು ತಿನ್ನುತ್ತೆ ನೋಡಪ್ಪ. ಬಾಡಿಗೆ ಮಗನಿಗೆ, ನೆರಳು ನನಗೆ." ನಾನು ಟವರನ್ನು ಎಷ್ಟು ಹೊತ್ತು ನೋಡಿದ್ದರೂ ನನಗೆ ಈ ಮಾತು ಹೊಳೆಯುತ್ತಿರಲಿಲ್ಲ.

ನೆಟ್‌ವರ್ಕ್ ಇಲ್ಲದ ಊರಲ್ಲಿ ಏನು ತೆಗೆಯೋದು?

ನೆಟ್‌ವರ್ಕ್ ಸಿಗುವ ಜಾಗವನ್ನು. ಮಲೆನಾಡಿನಲ್ಲಿ ಪ್ರತಿ ಊರಿಗೂ ಒಂದು ಇರುತ್ತದೆ, ಗುಡ್ಡದ ಅಂಚು, ಬಸ್ ಸ್ಟ್ಯಾಂಡಿನ ಹಿಂದಿನ ಬಂಡೆ, ಯಾರದೋ ಕೊಟ್ಟಿಗೆಯ ಮೂಲೆ. ಹುಲ್ಲು ಸವೆದು ನೆಲ ನುಣ್ಣಗಾಗಿರುತ್ತದೆ. 2020-21ರಲ್ಲಿ ಆನ್‌ಲೈನ್ ಕ್ಲಾಸ್ ನಡೆದಾಗ ಮಕ್ಕಳು ಇಂಥ ಗುಡ್ಡಗಳ ಮೇಲೆ ಟಾರ್ಪಾಲು ಕಟ್ಟಿಕೊಂಡು, ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು ಪಾಠ ಕೇಳಿದ್ದಾರೆ. ಆ ಟಾರ್ಪಾಲು ಕಟ್ಟಿದ ಗೂಟಗಳು ಕೆಲವು ಕಡೆ ಇನ್ನೂ ಇವೆ.

ಕಾನೂನಿನ ಪ್ರಕಾರ ಸರೀನಾ? ಪೊಲೀಸರು ಹಿಡಿಯಲ್ವಾ?

ರಸ್ತೆಯಲ್ಲಿ ನಿಂತು ಊರಿನ ಮೊಬೈಲ್ ಟವರ್ ತೆಗೆಯುವುದಕ್ಕೆ ಅಂತಲೇ ಒಂದು ನಿಷೇಧ ಇಲ್ಲ. ಸರ್ಕಾರದ, ಸೇನೆಯ ವಿಷಯ ಬೇರೆ. 1923ರ ಅಧಿಕೃತ ರಹಸ್ಯ ಕಾಯ್ದೆಯಲ್ಲಿ "ನಿಷೇಧಿತ ಸ್ಥಳ" ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಸೇನಾ ನೆಲೆಗಳ ಜೊತೆ ಸರ್ಕಾರದ ವೈರ್‌ಲೆಸ್ ಮತ್ತು ಸಿಗ್ನಲ್ ಕೇಂದ್ರಗಳೂ ಬರುತ್ತವೆ. ಹಾಗಾಗಿ ಯಲಹಂಕ, ಜಾಲಹಳ್ಳಿಯ ವಾಯುಪಡೆ ಗೋಡೆಗಳ ಹತ್ತಿರ, ಕಾರವಾರದ ನೌಕಾನೆಲೆಯ ಹತ್ತಿರ, ಪೊಲೀಸ್ ವೈರ್‌ಲೆಸ್ ಇರುವ ಕಡೆ ಕ್ಯಾಮೆರಾ ಚೀಲದಲ್ಲೇ ಇರಲಿ. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ನೋಡಿದರೆ ಜೊಲ್ಲು ಸುರಿಯುತ್ತದೆ. ಹಾಸನದಲ್ಲಿರುವ, ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್ ಕೂಡ ಹಾಗೇ. ಎರಡೂ ಬಿಡಿ.

ನನ್ನನ್ನು ಒಂದು ಸಲ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದರು. ಯಾವ ಊರು ಅಂತ ಬೇಡ. ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದರು, ಕಾರ್ಡಿನಲ್ಲಿದ್ದ ಮುನ್ನೂರು ಚಿಲ್ಲರೆ ಫೋಟೋ ಒಂದೊಂದಾಗಿ ನೋಡಿದರು. ಎಲ್ಲಾ ಟವರೇ. ಕೊನೆಗೆ ಒಬ್ಬರು "ಮದುವೆ ಆಗಿದೆಯೇನ್ರೀ?" ಅಂತ ಕೇಳಿ ಕಳಿಸಿದರು. ಅವತ್ತಿನಿಂದ ಒಂದು ಸಣ್ಣ ಆಲ್ಬಂ ಪ್ರಿಂಟ್ ಮಾಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನೂರು ಮಾತಿಗಿಂತ ಅದನ್ನು ತೆರೆದು ತೋರಿಸಿದರೆ ಬೇಗ ಬಿಡುತ್ತಾರೆ.

ಜನ ಬಂದು ವಿಚಾರಿಸಿದರೆ ಏನು ಹೇಳೋದು?

ಬಂದೇ ಬರುತ್ತಾರೆ. ಊರವರಲ್ಲಿ ಎರಡೇ ಥರ. ಒಬ್ಬರು "ಈ ಟವರ್ ಇಲ್ಲಿಂದ ತೆಗೆಸ್ತೀರಾ?" ಅನ್ನುತ್ತಾರೆ, ಇನ್ನೊಬ್ಬರು "ನಮ್ಮ ಜಾಗದಲ್ಲಿ ಹಾಕಿಸ್ತೀರಾ, ಬಾಡಿಗೆ ಎಷ್ಟು ಕೊಡ್ತೀರಾ?" ಅನ್ನುತ್ತಾರೆ. ಎರಡನೆಯವರ ಜೊತೆ ಎರಡು ನಿಮಿಷ ನಿಂತು ಮಾತಾಡಿ. ಟವರ್ ಹಾಕಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಅಂತ ಫೋನ್ ಮಾಡಿ ದುಡ್ಡು ಹೊಡೆಯುವ ಮೋಸ ಹಳ್ಳಿಗಳಲ್ಲಿ ತುಂಬಾ ನಡೆದಿದೆ. ಜಾಗದ ಮಾಲೀಕರು ಮುಂಗಡ ಕಟ್ಟುವ ಪದ್ಧತಿಯೇ ಇಲ್ಲ, ಕಂಪನಿಯೇ ಅವರಿಗೆ ಬಾಡಿಗೆ ಕೊಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಕೂಡ ಇದಕ್ಕೆ ಯಾವ ಪತ್ರವನ್ನೂ ಕೊಡುವುದಿಲ್ಲ, ಶುಲ್ಕವನ್ನೂ ವಸೂಲಿ ಮಾಡುವುದಿಲ್ಲ. ನಿಮ್ಮ ಕೈಯಲ್ಲಿ ಕ್ಯಾಮೆರಾ ನೋಡಿದವರು ನಿಮ್ಮನ್ನು ಕಂಪನಿಯವರು ಅಂದುಕೊಳ್ಳುತ್ತಾರೆ, ಸುಮ್ನೆ ಹೂಂ ಅನ್ನಬೇಡಿ.

ಮೂರನೆಯವರು ಟವರ್ ನೋಡಿಕೊಳ್ಳುವವರು. ಡೀಸೆಲ್, ಬ್ಯಾಟರಿ, ಕೇಬಲ್ ಕಳ್ಳತನ ಜಾಸ್ತಿ, ಅವರಿಗೆ ಅನುಮಾನ ಬರುವುದು ನ್ಯಾಯವೇ. ಮೊದಲು ಹೋಗಿ ಮಾತಾಡಿಸಿ, ಟೀ ಕುಡಿಸಿ. ಗೇಟಿನ ಬೀಗ, ಬ್ಯಾಟರಿ ಕೋಣೆ ಇವುಗಳ ಹತ್ತಿರದ ಫೋಟೋ ಎಲ್ಲೂ ಹಾಕಬೇಡಿ. ಬೋರ್ಡಿನಲ್ಲಿ ಯಾರದಾದರೂ ಫೋನ್ ನಂಬರ್ ಇದ್ದರೆ ಅಳಿಸಿ.

ಬೇಲಿ ದಾಟಬಹುದಾ? ಸ್ವಲ್ಪ ಹತ್ತಬಹುದಾ?

ಬೇಡ.

ರಿಗ್ಗರ್‌ಗಳು ಬೆಲ್ಟು, ಹೆಲ್ಮೆಟ್ಟು ಹಾಕಿಕೊಂಡು ಹತ್ತುತ್ತಾರೆ, ಅದು ಅವರ ಕೆಲಸ. ಮತ್ತೆ ಹೆಜ್ಜೇನು. ಟವರ್, ನೀರಿನ ಟ್ಯಾಂಕ್ ಅಂದರೆ ಹೆಜ್ಜೇನಿಗೆ ಪ್ರಾಣ. ನಾನು ಬೇಲಿಯ ಹೊರಗೇ ಇದ್ದೆ, ಮೇಲೆ ಹದ್ದೊಂದು ಜೇನುತಟ್ಟಿಗೆ ಬಡಿಯಿತು, ಕಾಫಿ ತೋಟದೊಳಗೆ ನಾನು ಓಡಿದ ವೇಗಕ್ಕೆ ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ. ಏಳು ಕಡಿತ. ಹೋದ ತಕ್ಷಣ ಮೊದಲು ಕತ್ತೆತ್ತಿ ಕಪ್ಪು ತಟ್ಟಿ ಇದೆಯಾ ನೋಡಿ, ಆಮೇಲೆ ಬೆಳಕು ನೋಡಿ.

ರೇಡಿಯೇಷನ್ ಭಯ ಇಲ್ವಾ?

ಆಂಟೆನಾ ತನ್ನ ಶಕ್ತಿಯನ್ನು ಮುಂದಕ್ಕೆ ಬಿಡುತ್ತದೆ, ನೆಟ್ಟಗೆ ಬುಡಕ್ಕಲ್ಲ. ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಮಿತಿ ಇಳಿಸಿದೆ. ರಸ್ತೆಯಲ್ಲಿ ನಿಂತು ಫೋಟೋ ತೆಗೆಯುವವನಿಗೆ ಲಾರಿಯ ಭಯವೇ ಜಾಸ್ತಿ. ತಾರಸಿಯಲ್ಲಿ ಮಾತ್ರ ಆಂಟೆನಾ ಮುಖದ ಎದುರು, ಅದೇ ಎತ್ತರದಲ್ಲಿ, ಹತ್ತಿರ ನಿಲ್ಲಬೇಡಿ. ನಿಮ್ಮ ಏರಿಯಾದ ಟವರ್‌ಗಳ ವಿವರ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಸಿಗುತ್ತದೆ.

ಡ್ರೋನ್ ಹಾರಿಸಲಾ?

2021ರ ಡ್ರೋನ್ ನಿಯಮ, ಹಸಿರು-ಹಳದಿ-ಕೆಂಪು ವಲಯದ ನಕ್ಷೆ, ಹಸಿರಿನಲ್ಲೂ 400 ಅಡಿಯ ಮಿತಿ, ಇದೆಲ್ಲ ನೋಡಿಕೊಂಡು ಹಾರಿಸುವವರು ಹಾರಿಸಲಿ. ನನಗೆ ಇಷ್ಟವಿಲ್ಲ. ಟವರನ್ನು ಊರವರು ನೋಡುವುದು ಕೆಳಗಿನಿಂದ.

ಫೋಟೋ ಜೊತೆ ಏನು ಬರೆದಿಡಬೇಕು?

ಊರು, ತಾರೀಕು, ಯಾವ ದಿಕ್ಕಿಗೆ ನಿಂತು ತೆಗೆದದ್ದು. ಅಲ್ಲಿನವರು ಅದನ್ನು ಏನಂತ ಕರೆಯುತ್ತಾರೆ ಅನ್ನುವುದನ್ನೂ ಬರೆಯಿರಿ. ಈಗ "ಟವರ್ ಹತ್ರ ಇಳಿಸಿ" ಅನ್ನುವ ಬಸ್ ಸ್ಟಾಪುಗಳೇ ಇವೆ. ಹಿಂದೆ ಅದೇ ಜಾಗಕ್ಕೆ ಆಲದಮರ ಅನ್ನುತ್ತಿದ್ದರು ಅಂತ ಒಬ್ಬ ಕಂಡಕ್ಟರ್ ನನಗೆ ಹೇಳಿದ್ದು ಫೋಟೋದಲ್ಲಿ ಕಾಣುವುದಿಲ್ಲ, ಬರೆದಿಟ್ಟಿದ್ದಕ್ಕೆ ಉಳಿಯಿತು.

ಇದರಿಂದ ದುಡ್ಡು ಬರುತ್ತಾ?

ಇಲ್ಲ.

ಎಲ್ಲಿಂದ ಶುರು ಮಾಡಲಿ?

ನಿಮ್ಮ ಫೋನಿನಲ್ಲಿ ಈಗಾಗಲೇ ಇರುವ ಫೋಟೋಗಳಿಂದ. ಗೃಹಪ್ರವೇಶ, ಜಾತ್ರೆ, ಮಗುವಿನ ಸೈಕಲ್ಲು, ಒಂದೊಂದನ್ನೂ ಹಿಗ್ಗಿಸಿ ಹಿಂದೆ ನೋಡಿ. ನಮ್ಮ ತಂಗಿ ಮದುವೆಯ ಗ್ರೂಪ್ ಫೋಟೋದಲ್ಲಿ ಚಪ್ಪರದ ಮೇಲೆ, ಸರಿಯಾಗಿ ಭಾವನ ಪೇಟದ ಹಿಂದೆ ಒಂದು ಟವರ್ ನಿಂತಿದೆ, ಏಳು ಪಟ್ಟಿಯದು. ಇಷ್ಟು ವರ್ಷ ಯಾರೂ ಅದನ್ನು ನೋಡಿರಲಿಲ್ಲ. ನಾನು ತೋರಿಸಿದ ಮೇಲೆ ತಂಗಿ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು.